ನೀರಿಗಿಳಿಯುವ ದಾರಿಯಲ್ಲಿ ಟೆಂಟು

ಪುಣೆಯಿಂದ ಸಹ್ಯಾದ್ರಿಗೆ ಹೋಗಿಬಂದವರ ಫೋಟೊಗಳಲ್ಲಿ ಒಂದೇ ಬಗೆಯ ಜಾಗ ಮತ್ತೆ ಮತ್ತೆ ಕಾಣುತ್ತದೆ. ಹಿಂದೆ ಗುಡ್ಡದ ಸಾಲು, ಮುಂದೆ ಜಲಾಶಯದ ಹಿನ್ನೀರು, ನಡುವೆ ಹಸಿರು ಹುಲ್ಲಿನ ಸಮತಟ್ಟು ನೆಲ. ಅದರ ಮೇಲೊಂದು ಕಿತ್ತಳೆ ಬಣ್ಣದ ಟೆಂಟು, ಪಕ್ಕದಲ್ಲಿ ಕಾರು, ಗಂಡ ಹೆಂಡತಿ ಇಬ್ಬರೇ. ನೋಡಲು ಬಹಳ ಚೆಂದ. ಆದರೆ ಮಾರ್ಚ್ ತಿಂಗಳಲ್ಲಿ ಗುಡ್ಡವೆಲ್ಲ ಒಣಗಿ ಹಳದಿಯಾಗಿರುವಾಗ ಆ ಒಂದು ತುಂಡು ನೆಲ ಮಾತ್ರ ಯಾಕೆ ಹಸಿರಾಗಿದೆ ಎಂದು ಯೋಚಿಸಿದವರು ಅಲ್ಲಿ ಟೆಂಟು ಹೊಡೆಯುವುದಿಲ್ಲ. ನೀರು ಇಳಿದಂತೆ ಮೇಲೆದ್ದ ಹಸಿಮಣ್ಣಿನಲ್ಲಿ ಹೊಸ ಹುಲ್ಲು ಚಿಗುರಿರುತ್ತದೆ. ಇಡೀ ಕಾಡಿನಲ್ಲಿ ಆಗ ಎಳೆ ಮೇವು ಸಿಗುವುದು ಅಲ್ಲಿ, ಕುಡಿಯುವ ನೀರು ಇರುವುದೂ ಅಲ್ಲಿ. ಕಾಡುಕೋಣ, ಕಡವೆ, ಕಾಡುಹಂದಿ ಎಲ್ಲವೂ ಕತ್ತಲಾದ ಮೇಲೆ ಇಳಿದು ಬರುವುದೂ ಅಲ್ಲಿಗೇ. ಅವುಗಳ ಹಿಂದೆ ಚಿರತೆಯೂ ಬರುತ್ತದೆ.

ಮನುಷ್ಯನಿಗೆ ಮಲಗಲು ಒಳ್ಳೆಯದೆಂದು ಕಾಣುವ ಜಾಗದ ಲಕ್ಷಣಗಳು ಮೂರು: ಸಮತಟ್ಟಾಗಿರಬೇಕು, ನೀರು ಹತ್ತಿರವಿರಬೇಕು, ಹೋಗಿ ಸೇರುವುದು ಸುಲಭವಿರಬೇಕು. ಸಾವಿರ ಕಿಲೊ ತೂಗುವ ಪ್ರಾಣಿಗೂ ಬೇಕಾದದ್ದು ಇವೇ ಮೂರು. ಕ್ಯಾಂಪಿಂಗ್ ಬಗ್ಗೆ ಕೇಳುವವರು ಯಾವ ಟೆಂಟು, ಯಾವ ಸ್ಲೀಪಿಂಗ್ ಬ್ಯಾಗು ಎಂದು ಬಹಳ ಕೇಳುತ್ತಾರೆ. ಎಲ್ಲಿ ಮಲಗಬಾರದು ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಉಳಿದೆಲ್ಲ ಪ್ರಶ್ನೆಗಳೂ ಅದರ ಹಿಂದೆಯೇ ಬರಬೇಕು.

ಹೆದ್ದಾರಿ ಬಿಟ್ಟು ಬಲಕ್ಕೆ

ಪುಣೆಯ ಕನ್ನಡಿಗರಿಗೆ ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ರಸ್ತೆ ಬಾಯಿಪಾಠ. ಹಬ್ಬಕ್ಕೆ ಊರಿಗೆ ಹೋಗುವ ಅದೇ ದಾರಿಯ ಬಲಗಡೆಗೆ ಉದ್ದಕ್ಕೂ ಕಾಡಿದೆ. ಕೊಯ್ನಾ ಅಭಯಾರಣ್ಯ ಮತ್ತು ಚಾಂದೋಲಿ ರಾಷ್ಟ್ರೀಯ ಉದ್ಯಾನ ಸೇರಿ 2010ರಲ್ಲಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದರ ದಕ್ಷಿಣಕ್ಕೆ ರಾಧಾನಗರಿ, 1958ರಲ್ಲಿ ಕಾಡುಕೋಣಗಳಿಗಾಗಿಯೇ ಘೋಷಿಸಿದ ದಾಜೀಪುರದ ಕಾಡು. ಇನ್ನೂ ಕೆಳಗೆ ಆಜರಾ, ಆಂಬೋಲಿ, ಚಂದಗಡ, ತಿಳಾರಿ. ಗಡಿ ದಾಟಿದರೆ ಗೋವಾದ ಮ್ಹಾದಯಿ, ನಮ್ಮ ಭೀಮಗಡ. ಒಂದಕ್ಕೊಂದು ತಾಗಿಯೋ ಹತ್ತಿರದಲ್ಲೋ ಇರುವ ಈ ಕಾಡುಗಳ ನಡುವೆ ಪ್ರಾಣಿಗಳು ಓಡಾಡುತ್ತವೆ. ದೋಡಾಮಾರ್ಗ, ಚಂದಗಡದ ತೋಟಗಳಿಗೆ ಆನೆ ಬರಲು ಶುರುವಾದದ್ದು ಕರ್ನಾಟಕದ ಕಡೆಯಿಂದಲೇ. ಕೊಲ್ಹಾಪುರದಿಂದ ರಾಧಾನಗರಿ, ದಾಜೀಪುರ, ಅಲ್ಲಿಂದ ವಾಪಸು ಗಾರಗೋಟಿ ಮೇಲೆ ಆಜರಾ, ಆಂಬೋಲಿ, ಚಂದಗಡ, ಬೆಳಗಾವಿ: ಇಬ್ಬರಿಗೆ ಮೂರು ನಾಲ್ಕು ದಿನಕ್ಕೆ ಇದಕ್ಕಿಂತ ಒಳ್ಳೆಯ ಸುತ್ತು ಈ ಭಾಗದಲ್ಲಿಲ್ಲ.

ಕಾನೂನಿನ ಮಾತು ಮೊದಲೇ ಹೇಳಿಬಿಡಬೇಕು. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವಂತಿಲ್ಲ. ಒಳಗೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮಿನ ಪ್ರಕಾರ ಅಪರಾಧ. ಆದ್ದರಿಂದ ರಾತ್ರಿ ಕಳೆಯಬೇಕಾದದ್ದು ಅರಣ್ಯ ಇಲಾಖೆಯ ವಸತಿಯಲ್ಲಿ, ಇಲ್ಲವೇ ಅಂಚಿನ ಹಳ್ಳಿಯಲ್ಲಿ ಯಾರದಾದರೂ ಮನೆಯಂಗಳದಲ್ಲೋ ಹೊಲದಲ್ಲೋ, ಅವರನ್ನು ಕೇಳಿ. ಇದು ಕಾನೂನಿಗೆ ಹೆದರಿ ಮಾತ್ರ ಮಾಡುವ ಕೆಲಸವಲ್ಲ. ಮನೆಯ ದೀಪ, ನಾಯಿ, ದನದ ಕೊಟ್ಟಿಗೆ ಇರುವ ಕಡೆ ಪ್ರಾಣಿಗಳು ಎಲ್ಲಿಂದ ಬರುತ್ತವೆ, ಎಲ್ಲಿ ತಿರುಗುತ್ತವೆ ಎಂಬುದು ಆ ಮನೆಯವರಿಗೆ ಗೊತ್ತಿರುತ್ತದೆ. “ಮಾಮಾ, ರಾತ್ರೀ ಇಕಡೇ ಗವೆ ಯೇತಾತ ಕಾ?” (ರಾತ್ರಿ ಈ ಕಡೆ ಕಾಡುಕೋಣ ಬರುತ್ತವೆಯೇ? ಮರಾಠಿಯಲ್ಲಿ ಕಾಡುಕೋಣಕ್ಕೆ ಗವಾ ಎನ್ನುತ್ತಾರೆ) ಎಂದು ಕೇಳಿದರೆ ಅವರು ಕೈ ತೋರಿಸಿ ಹೇಳುವ ಉತ್ತರ ಯಾವ ನಕ್ಷೆಯಲ್ಲೂ ಸಿಗದು. ಚಂದಗಡದ ಕಡೆ ಹೋದರೆ ಕನ್ನಡದಲ್ಲೇ ಕೇಳಬಹುದು.

ನೆಲ ಓದುವುದು

ಬೆಳಕಿರುವಾಗಲೇ, ಅಂದರೆ ನಾಲ್ಕೂವರೆಯೊಳಗೆ ಜಾಗ ತಲುಪಬೇಕು. ಟೆಂಟಿನ ಚೀಲ ಕಾರಿನಿಂದ ಇಳಿಸುವ ಮೊದಲು ಸುತ್ತಲೂ ನೂರು ಮೀಟರ್ ದೂರದವರೆಗೆ ಒಮ್ಮೆ ನಡೆದು ಬರಬೇಕು, ಕಣ್ಣು ನೆಲದ ಮೇಲೆ.

ಹಿನ್ನೀರಿನ ಕೆಸರಿನಲ್ಲಿ ಒಂದು ಗೊರಸಿನ ಗುರುತನ್ನು ಕೂತು ನೋಡಿ. ಕಾಡುಕೋಣದ್ದಾದರೆ ಅಂಗೈ ಅಗಲ, ಎರಡು ಹೋಳು, ಮುಂದೆ ದುಂಡು. ಊರ ಎಮ್ಮೆಯದೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ವ್ಯತ್ಯಾಸ ತಿಳಿಯುವುದು ಗುರುತಿನಿಂದಲ್ಲ, ಅದರ ಜೊತೆಗಿರುವುದರಿಂದ. ಊರ ಎಮ್ಮೆಗಳ ಹೆಜ್ಜೆಯ ಜೊತೆ ಮನುಷ್ಯನ ಚಪ್ಪಲಿಯ ಗುರುತಿರುತ್ತದೆ, ಸಾಲು ಹಳ್ಳಿಯ ಕಡೆಗೆ ಹೋಗಿರುತ್ತದೆ. ಚಪ್ಪಲಿಯಿಲ್ಲದ ಸಾಲು ನೀರಿನಿಂದ ನೇರ ಪೊದೆಯೊಳಕ್ಕೆ ನುಗ್ಗಿದ್ದರೆ ಅದು ಗವಾ. ಗುರುತಿನ ಅಂಚು ಚೂಪಾಗಿ, ತಳದಲ್ಲಿ ಇನ್ನೂ ನೀರು ನಿಂತಿದ್ದರೆ ನಿನ್ನೆ ರಾತ್ರಿಯದು. ಅಂಚು ಕುಸಿದು ಒಳಗೆ ತರಗೆಲೆ ಬಿದ್ದಿದ್ದರೆ ಹಳೆಯದು. ಹಳೆಯದಾದರೂ ಅದು ದಾರಿಯೇ. ಕೋಣಗಳು ನೀರಿಗಿಳಿಯುವ ದಾರಿಯನ್ನು ಸುಲಭಕ್ಕೆ ಬದಲಿಸುವುದಿಲ್ಲ.

ಚಿರತೆ ಪೊದೆಯಲ್ಲಿ ನುಸುಳುವುದಕ್ಕಿಂತ ಕಾಲುದಾರಿ, ಜೀಪಿನ ದಾರಿಯಲ್ಲೇ ನಡೆಯಲು ಇಷ್ಟಪಡುತ್ತದೆ. ದಾರಿಯ ನಡುವೆ ಕೂದಲು ತುಂಬಿದ ಲದ್ದಿ, ಪಕ್ಕದಲ್ಲಿ ಹಿಂಗಾಲಿನಿಂದ ಕೆರೆದ ಮಣ್ಣು ಕಂಡರೆ ಅದು ಅದರದೇ ಸಹಿ. ಕರಡಿ ಓಡಾಡುವಲ್ಲಿ ಒಡೆದ ಹುತ್ತಗಳಿರುತ್ತವೆ, ಹಣ್ಣಿನ ಬೀಜ ತುಂಬಿದ ಲದ್ದಿ ಇರುತ್ತದೆ. ಎರಡು ಗುಡ್ಡಗಳ ನಡುವಿನ ತಗ್ಗು, ಮರಾಠಿಯವರು ಖಿಂಡ ಎನ್ನುವ ಜಾಗ, ಗಾಳಿಯಿಂದ ಮರೆಯಾಗಿರುತ್ತದೆ ಎಂದು ಜನ ಅಲ್ಲಿ ಟೆಂಟು ಹಾಕುತ್ತಾರೆ. ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟುವ ಎಲ್ಲ ಪ್ರಾಣಿಗಳಿಗೂ ಬಾಗಿಲು ಅದೇ. ಹಳ್ಳ ಹಳ್ಳ ಕೂಡುವ ಜಾಗವೂ ಹಾಗೆಯೇ. ಹಣ್ಣುಬಿಟ್ಟ ಅತ್ತಿ, ಆಲದ ಮರದ ಕೆಳಗೆ ಬೇಡ. ಹೆಜ್ಜೇನು ಕಟ್ಟಿದ ಬಂಡೆಯ ಹತ್ತಿರ ಒಲೆಯ ಹೊಗೆ, ಸಿಗರೇಟಿನ ಹೊಗೆ ಯಾವುದೂ ಬೇಡ.

ಇಷ್ಟೆಲ್ಲ ಬಿಟ್ಟಮೇಲೆ ಉಳಿಯುವುದು ಬರಿ ಮಣ್ಣಿನ, ಸ್ವಲ್ಪ ಇಳಿಜಾರಿನ, ನೀರಿನಿಂದ ಇನ್ನೂರು ಮೀಟರಾದರೂ ದೂರದ, ಫೋಟೊಕ್ಕೆ ಸಾಧಾರಣವಾದ ಜಾಗ. ಅದೇ ಸರಿಯಾದ ಜಾಗ. ಇಳಿಜಾರಿದ್ದರೆ ತಲೆ ಮೇಲ್ಬದಿಗೆ ಇಟ್ಟುಕೊಂಡು ಮಲಗಿದರಾಯಿತು. ಅಣೆಕಟ್ಟಿನ ಕೆಳಗಿನ ಹೊಳೆಯ ಮರಳು ಮಾತ್ರ ಯಾವ ಕಾಲಕ್ಕೂ ಬೇಡ. ಶಾಹೂ ಮಹಾರಾಜರ ಕಾಲದಲ್ಲಿ ಶುರುವಾದ ರಾಧಾನಗರಿ ಅಣೆಕಟ್ಟಿಗೆ ನೀರಿನ ಮಟ್ಟ ಏರಿದರೆ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳಿವೆ. ಮಳೆಗಾಲದಲ್ಲಿ ಭೋಗಾವತಿ ದಂಡೆಯ ಊರುಗಳು ಅದಕ್ಕಾಗಿ ಎಚ್ಚರವಿರುತ್ತವೆ. ದಂಡೆಯಲ್ಲಿ ಮಲಗಿದ ಹೊರಗಿನವರಿಗೆ ಅದು ಗೊತ್ತಿರುವುದಿಲ್ಲ.

ಘಟ್ಟದ ನೆತ್ತಿಯ ಬಯಲುಗಳಲ್ಲಿ ಇನ್ನೊಂದು ತೊಂದರೆ. ಮೇಲ್ಪದರ ಜಂಬಿಟ್ಟಿಗೆ ಕಲ್ಲು. ಗೂಟ ಎರಡು ಬೆರಳು ಕೂಡ ಇಳಿಯುವುದಿಲ್ಲ, ಹೊಡೆದರೆ ಬಾಗುತ್ತದೆ. ಆದ್ದರಿಂದ ಕೋಲುಗಳ ಮೇಲೆ ತಾನಾಗಿ ನಿಲ್ಲುವ ಟೆಂಟು ಬೇಕು, ಮೂಲೆಯ ಹಗ್ಗಗಳನ್ನು ಕಟ್ಟಲು ತಲಾ ಎಂಟು ಹತ್ತು ಕಿಲೊದ ಕಲ್ಲು ಬೇಕು. ಹಗ್ಗವನ್ನು ಕಲ್ಲಿಗೆ ನೇರ ಸುತ್ತಿದರೆ ಜಂಬಿಟ್ಟಿಗೆಯ ಒರಟು ಅಂಚು ರಾತ್ರಿಯ ಗಾಳಿಗೆ ಅದನ್ನು ಸವೆಸಿ ಕತ್ತರಿಸುತ್ತದೆ. ಸಣ್ಣ ಕೋಲಿಗೆ ಹಗ್ಗ ಕಟ್ಟಿ, ಕೋಲಿನ ಮೇಲೆ ಕಲ್ಲು ಹೇರಬೇಕು. ಆ ಕಲ್ಲುಗಳನ್ನು ಕೀಳುವಾಗ ಕೈಗವಸು ಇರಲಿ, ಅಡಿಯಲ್ಲಿ ಚೇಳು ಇರುತ್ತವೆ. ಬೆಳಿಗ್ಗೆ ಎಲ್ಲಿಂದ ತಂದಿರೋ ಅಲ್ಲೇ ಇಡಿ. ಇಬ್ಬರಿಗೆ ಮೂರು ಜನರ ಟೆಂಟು ಹಿತ, ತಳದ ಬಟ್ಟೆ 3000 ಮಿಲಿಮೀಟರ್ ಎತ್ತರದ ನೀರಿನ ಒತ್ತಡವನ್ನು ತಡೆಯುವಂಥದ್ದು. ಅಡಿಯಲ್ಲಿ ಹಾಸುವ ಪ್ಲಾಸ್ಟಿಕ್ ಹಾಳೆ ಟೆಂಟಿನ ತಳಕ್ಕಿಂತ ಎಲ್ಲ ಕಡೆ ನಾಲ್ಕು ಬೆರಳು ಚಿಕ್ಕದಿರಬೇಕು. ಹೊರಗೆ ಚಾಚಿಕೊಂಡರೆ ಮಳೆ ನೀರು ಅದರ ಮೇಲೆ ಬಿದ್ದು ಸೀದಾ ಬೆನ್ನಿನ ಕೆಳಗೆ ಬರುತ್ತದೆ. ಡಿಸೆಂಬರಿನಲ್ಲಿ ಒಳಗೋಡೆ ಒದ್ದೆಯಾದರೆ ಟೆಂಟು ಸೋರಿತೆಂದು ತಿಳಿಯಬೇಡಿ. ಇಬ್ಬರ ಉಸಿರಿನ ಆವಿ ರಾತ್ರಿಗೆ ಅರ್ಧ ಲೀಟರಿನಷ್ಟಾಗುತ್ತದೆ. ಮೇಲಿನ ಗಾಳಿಕಿಂಡಿ ತೆರೆದಿಟ್ಟರೆ ಸಾಕು.

ದಾಜೀಪುರದ ತಿರುವು

ನಿಪ್ಪಾಣಿಯಿಂದ ರಾಧಾನಗರಿ, ದಾಜೀಪುರ ಮೇಲೆ ಫೋಂಡಾ ಘಾಟ್ ಇಳಿದು ದೇವಗಡಕ್ಕೆ ಹೋಗುವ ರಸ್ತೆ ಕಾಡನ್ನು ಸೀಳಿಕೊಂಡೇ ಹೋಗುತ್ತದೆ. ಅಲ್ಲಿ ಒಂದು ಸಂಜೆ ಮುಂದೆ ಹೋಗುತ್ತಿದ್ದ ಕೆಎ 22 ನಂಬರಿನ ಸಣ್ಣ ಕಾರು ತಿರುವಿಗೆ ಮೊದಲೇ ನಿಧಾನವಾಗಿ, ಇಂಡಿಕೇಟರ್ ಹಾಕಿ ನಿಂತಿತು. ರಸ್ತೆಯ ಮೇಲೆ ಏನೂ ಇರಲಿಲ್ಲ. ಆ ಕಾರಿನಿಂದ ಹೆಣ್ಣುಮಗಳ ದನಿ ಮೆಲ್ಲಗೆ ಕೇಳಿಸಿತು: “ರೀ, ಇನ್ನೂ ಬಿಡಬ್ಯಾಡ್ರಿ. ಎಡಕ್ಕ ಬೆಳ್ಳಗ ಕಾಣಸ್ತಾವ ನೋಡ್ರಿ.” ಹೆಡ್‌ಲೈಟಿನ ಬೆಳಕಿನ ಅಂಚಿನಲ್ಲಿ, ನೆಲದಿಂದ ಮೊಣಕಾಲೆತ್ತರಕ್ಕೆ, ನಾಲ್ಕು ಮಸುಕು ಬಿಳಿ ಪಟ್ಟೆಗಳು. ಅವುಗಳ ಮೇಲೆ ಬರಿ ಕತ್ತಲೆ. ಪಟ್ಟೆಗಳು ಒಂದೊಂದಾಗಿ ರಸ್ತೆಗೆ ಹೆಜ್ಜೆ ಇಟ್ಟಾಗ ಆ ಕತ್ತಲೆಗೆ ಕೊಂಬು ಬಂತು, ಬೆನ್ನಿನ ದಿಬ್ಬ ಬಂತು. ಹೆಣ್ಣು ಕೋಣ ದಾಟಿ ಆಚೆ ನಿಂತಿತು, ತಿರುಗಿ ನೋಡಿತು. ಕಾರು ಅಲುಗಲಿಲ್ಲ. ಆಮೇಲೆ ಇನ್ನೊಂದು, ಮತ್ತೊಂದು, ಅವುಗಳ ನಡುವೆ ಕೆಂಚು ಬಣ್ಣದ ಕರು. ಕೊನೆಯದು ದಾಟಿದ ಮೇಲೂ ಆ ಕಾರು ಎಣಿಸಿದಂತೆ ಎರಡು ನಿಮಿಷ ನಿಂತೇ ಇತ್ತು. ಹಿಂದುಳಿದಿದ್ದ ಗಂಡು ಆಗ ಬಂತು.

ಅಲ್ಲಿ ಕಲಿಯಲು ಎಲ್ಲವೂ ಇದೆ. ಕಾಡುಕೋಣದ ಕಪ್ಪು ಮೈ ಬೆಳಕನ್ನು ಹಿಂದಕ್ಕೆ ಕಳಿಸುವುದಿಲ್ಲ. ಮೊದಲು ಕಾಣುವುದು ಕಾಲಿನ ಬಿಳಿ ಮಾತ್ರ. ಭುಜದ ಎತ್ತರ ಸುಮಾರು 1.7 ಮೀಟರ್, ಸಣ್ಣ ಕಾರಿನ ಚಾವಣಿಗಿಂತ ಮೇಲೆ. ಡಿಕ್ಕಿಯಾದರೆ ಬಂಪರು ಕಾಲಿಗೆ ಬಡಿದು, ಮೈ ನೇರ ಮುಂಗಾಜಿನ ಮೇಲೆ ಬೀಳುತ್ತದೆ. ಡಿಪ್ಪರಿನ ಬೆಳಕಿನಲ್ಲಿ ಇಂಥ ಕಪ್ಪು ಪ್ರಾಣಿ ಕಾಣುವುದು ಹೆಚ್ಚೆಂದರೆ 40–50 ಮೀಟರ್ ದೂರದಿಂದ. ಗಂಟೆಗೆ 60 ಕಿಲೊಮೀಟರ್ ವೇಗದಲ್ಲಿ, ಕಂಡು ಬ್ರೇಕು ತುಳಿದು ನಿಲ್ಲುವ ಹೊತ್ತಿಗೆ ಸುಮಾರು 45 ಮೀಟರ್ ಹೋಗಿಬಿಟ್ಟಿರುತ್ತೀರಿ, ಅದೂ ಒಣ ರಸ್ತೆಯಲ್ಲಿ. 40ರಲ್ಲಿದ್ದರೆ 26 ಮೀಟರ್ ಸಾಕು. ಕಾಡಿನ ರಸ್ತೆಗೆ 40 ಎಂಬ ಮಿತಿ ಈ ಲೆಕ್ಕದಿಂದ ಬಂದದ್ದೆಂದು ತಿಳಿದು ಪಾಲಿಸಿ. ಹಾರ್ನ್ ಬೇಡ, ಹೈಬೀಮ್ ಮಿಣುಕಿಸುವುದು ಬೇಡ. ಹಿಂಡು ಎರಡು ಭಾಗವಾದರೆ ಕರು ಒಂದು ಕಡೆ, ತಾಯಿ ಒಂದು ಕಡೆ ಉಳಿಯುತ್ತದೆ. ಒಂಟಿ ಗಂಡು ರಸ್ತೆಯಲ್ಲಿ ಅಡ್ಡಡ್ಡ ನಿಂತು ಮೈಯ ಪಕ್ಕವನ್ನು ತೋರಿಸುತ್ತಿದ್ದರೆ ಅದು ತನ್ನ ಗಾತ್ರ ತೋರಿಸಿ ಹೆದರಿಸುವ ಕ್ರಮ. ಮೂಗಿನಿಂದ ಸೀಟಿಯಂತೆ ಬುಸುಗುಟ್ಟಿದರೆ ಹಿಂದಕ್ಕೆ ಸರಿಯುವ ಹೊತ್ತು.

2020ರ ಡಿಸೆಂಬರಿನಲ್ಲಿ ಕೋಥರೂಡಿಗೆ ಬಂದ ಗವಾವನ್ನು ಪುಣೆಯವರು ಮರೆತಿರಲಾರರು. ಜನ ಬೆನ್ನಟ್ಟಿದರು, ಕೂಗಿದರು, ಫೋನು ಹಿಡಿದು ಓಡಿದರು; ಅಷ್ಟು ದೊಡ್ಡ ಪ್ರಾಣಿ ಹಿಡಿದ ದಿನವೇ ಸತ್ತುಹೋಯಿತು. ಕಾಡುಕೋಣಕ್ಕೆ ಬೇಕಾದದ್ದು ಹೊರಹೋಗಲು ಒಂದು ತೆರೆದ ದಿಕ್ಕು. ಊರಲ್ಲಿ ನಾವು ಅದಕ್ಕೆ ಕೊಡಲಾಗದ್ದನ್ನು ಅದರದೇ ಕಾಡಿನಲ್ಲಾದರೂ ಕೊಡಬೇಕು.

ಘಾಟ್ ಇಳಿಯುವಾಗ ಎರಡನೇ ಗೇರು, ಎಂಜಿನ್ನಿನ ಹಿಡಿತದಲ್ಲೇ ಕಾರು ಇಳಿಯಲಿ. ಬ್ರೇಕಿನ ಮೇಲೆ ಕಾಲಿಟ್ಟೇ ಇಳಿದರೆ ಪ್ಯಾಡು ಕಾದು ವಾಸನೆ ಬರುತ್ತದೆ, ಆಮೇಲೆ ಎಷ್ಟು ತುಳಿದರೂ ಹಿಡಿಯುವುದಿಲ್ಲ. ಆಗ ಅರ್ಧ ಗಂಟೆ ನಿಲ್ಲಿಸಿ. ನೀರು ಸುರಿದರೆ ಡಿಸ್ಕು ಸೊಟ್ಟಗಾಗುತ್ತದೆ. ಏರುವ ಗಾಡಿಗೆ ದಾರಿ ಬಿಡುವುದು ನಿಯಮ.

ಇಬ್ಬರೇ ಇದ್ದಾಗ

ಎಂಟು ಜನರ ಗುಂಪಿನ ಗದ್ದಲಕ್ಕೆ ಪ್ರಾಣಿಗಳು ದೂರ ಉಳಿಯುತ್ತವೆ. ಇಬ್ಬರ ಪಿಸುಮಾತಿಗೆ ಉಳಿಯುವುದಿಲ್ಲ, ತೀರ ಹತ್ತಿರ ಬರುವವರೆಗೆ ಅವಕ್ಕೂ ತಿಳಿಯುವುದಿಲ್ಲ. ಕರಡಿಯ ವಿಷಯದಲ್ಲಿ ಅಪಾಯವಿರುವುದು ಇಲ್ಲೇ: ಅದರ ದಾಳಿಗಳಲ್ಲಿ ಹೆಚ್ಚಿನವು ತಿರುವಿನಲ್ಲಿ, ಪೊದೆಯ ಮರೆಯಲ್ಲಿ ಎದುರುಬದುರಾದಾಗ ಆಗುವಂಥವು. ಆದ್ದರಿಂದ ಕಾಲುದಾರಿಯಲ್ಲಿ ಇಬ್ಬರೂ ಸಹಜ ದನಿಯಲ್ಲಿ ಮಾತಾಡುತ್ತ ನಡೆಯಬೇಕು. ಚಿರತೆ ಎದುರಾದರೆ ಬಗ್ಗಬಾರದು, ಬೆನ್ನು ತಿರುಗಿಸಿ ಓಡಬಾರದು. ಇಬ್ಬರೂ ಒತ್ತಿ ನಿಂತು, ಕೈಯೆತ್ತಿ, ಗಟ್ಟಿಯಾಗಿ ಮಾತಾಡುತ್ತ ಹಿಂದೆ ಸರಿಯಬೇಕು. ಸಾಕುನಾಯಿಯನ್ನು ಕರೆದೊಯ್ಯುವುದು ಚಿರತೆಗೆ ಕರೆ ಕಳಿಸಿದಂತೆ.

ಗುಂಪಿನಲ್ಲಿ ಒಬ್ಬರಿಗೆ ಏನಾದರೂ ಆದರೆ ಒಬ್ಬರು ಹತ್ತಿರ ಕೂತು ಇನ್ನೊಬ್ಬರು ಸಹಾಯಕ್ಕೆ ಹೋಗಬಹುದು. ಇಬ್ಬರಲ್ಲಿ ಆ ಅನುಕೂಲವಿಲ್ಲ. ಅದಕ್ಕೆ ಕೆಲವು ಏರ್ಪಾಡು ಮೊದಲೇ ಆಗಿರಬೇಕು. ಇಬ್ಬರಿಗೂ ಆ ಕಾರನ್ನು ರಾತ್ರಿ ಘಾಟಿನಲ್ಲಿ ಓಡಿಸಲು ಬರಬೇಕು. ಕಾರಿನ ಮೂತಿ ರಸ್ತೆಯ ಕಡೆಗೆ. ಕೀಲಿ ಟೆಂಟಿನೊಳಗೆ ಇಬ್ಬರಿಗೂ ಗೊತ್ತಿರುವ ಒಂದೇ ಜೇಬಿನಲ್ಲಿ. ಎರಡು ಫೋನಿಗೆ ಎರಡು ಬೇರೆ ಕಂಪನಿಯ ಸಿಮ್ಮು. ಹತ್ತಿರದ ಗ್ರಾಮೀಣ ಆಸ್ಪತ್ರೆ ಎಲ್ಲಿದೆ, ಅಲ್ಲಿ ಹಾವಿನ ವಿಷಕ್ಕೆ ಮದ್ದು ಇದೆಯೇ ಎಂದು ಹಗಲಲ್ಲೇ ವಿಚಾರಿಸಿಟ್ಟುಕೊಳ್ಳಬೇಕು. ಊರಲ್ಲಿ ಒಬ್ಬರಿಗೆ “ನಾಳೆ ಹತ್ತರೊಳಗೆ ಫೋನು ಬರದಿದ್ದರೆ” ಎಂದು ಜಾಗದ ಹೆಸರಿನೊಡನೆ ಹೇಳಿರಬೇಕು. ಆಂಬುಲೆನ್ಸ್ 108, ಮಹಾರಾಷ್ಟ್ರ ಅರಣ್ಯ ಇಲಾಖೆ 1926.

ರಾತ್ರಿ ಹೊರಗೆ ಹೋಗಬೇಕಾದರೆ ಇನ್ನೊಬ್ಬರನ್ನು ಎಬ್ಬಿಸಲು ಸಂಕೋಚ ಬೇಡ. ಜಿಪ್ಪು ತೆರೆಯುವ ಮೊದಲು ಬೂಟು ಝಾಡಿಸಿ, ಟಾರ್ಚಿನ ಬೆಳಕನ್ನು ಮೊದಲು ನೆಲಕ್ಕೆ, ಆಮೇಲೆ ಸುತ್ತಲೂ ನಿಧಾನಕ್ಕೆ ಹಾಯಿಸಿ. ಹೊಳೆಯುವ ಕಣ್ಣುಗಳಿದ್ದರೆ ಕಾಯಿರಿ. ಕಟ್ಟುಹಾವು ರಾತ್ರಿಯೇ ಓಡಾಡುವುದು, ಅದು ಕಚ್ಚಿದರೆ ನೋವೂ ಊತವೂ ಇರುವುದಿಲ್ಲ ಎನ್ನುವಷ್ಟು ಕಡಿಮೆ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗದ ಭಾರ, ನುಂಗಲು ಕಷ್ಟ ಎಂದರೆ ಗುರುತು ಹುಡುಕುತ್ತ ಕೂರದೆ ಹೊರಡಬೇಕು. ರಕ್ತ ನಿಲ್ಲುವಂತೆ ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಪಟ್ಟಿ ಕಟ್ಟಿ, ಹಿಂದಿನ ಸೀಟಿನಲ್ಲಿ ಮಲಗಿಸಿ ಹೋಗಬೇಕು. ಸಂಜೆಯಿಂದ ಜಿಪ್ಪು ಪೂರ್ತಿ ಎಳೆದಿಟ್ಟ ಟೆಂಟಿಗೆ ಹಾವು ಬರುವುದಿಲ್ಲ. ಗಾಳಿಗೆಂದು ಅರ್ಧ ತೆರೆದಿಟ್ಟದ್ದಕ್ಕೆ ಬರುತ್ತದೆ.

ಅಡಿಗೆ

ಈ ವಿಷಯದಲ್ಲಿ ಉತ್ತರ ಕರ್ನಾಟಕದವರಿಗೆ ಕಷ್ಟವೇ ಇಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅವಲಕ್ಕಿ: ವಾರಗಟ್ಟಲೆ ಕೆಡುವುದಿಲ್ಲ, ಒಲೆ ಬೇಡ, ವಾಸನೆ ದೂರ ಹೋಗುವುದಿಲ್ಲ. ಕಾಡಿನಂಚಿನಲ್ಲಿ ಮಾಂಸ ಸುಡುವುದು ನನಗೆ ಸ್ವಲ್ಪವೂ ಒಪ್ಪದ ಕೆಲಸ. ಆ ಕೊಬ್ಬಿನ ವಾಸನೆ ಮಣ್ಣಿನಲ್ಲಿ ಉಳಿದು, ನಿಮ್ಮ ನಂತರ ಅಲ್ಲಿ ಮಲಗುವವರ ಹತ್ತಿರಕ್ಕೆ ಹಂದಿಯನ್ನೋ ಕರಡಿಯನ್ನೋ ಕರೆಯುತ್ತದೆ. ಚಹಾಕ್ಕೆ, ಅನ್ನಕ್ಕೆ 230 ಗ್ರಾಂ ಗ್ಯಾಸ್ ಡಬ್ಬಿಯೊಂದು ಇಬ್ಬರಿಗೆ ಎರಡು ದಿನ ಸಾಕು. ಒಲೆ ಟೆಂಟಿನಿಂದ ಐವತ್ತು ಹೆಜ್ಜೆ ಆಚೆ, ಮಳೆ ಬಂದರೂ ಒಳಗೆ ತರುವಂತಿಲ್ಲ: ಮುಚ್ಚಿದ ಟೆಂಟಿನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ನೀರು ತಲೆಗೆ ದಿನಕ್ಕೆ ಐದು ಲೀಟರ್, ಅಂದರೆ ಎರಡು ದಿನಕ್ಕೆ 20 ಲೀಟರಿನ ಒಂದು ಕ್ಯಾನು. ಉಳಿದ ಆಹಾರವೆಲ್ಲ ಕಾರಿನಲ್ಲಿ, ಗಾಜು ಮುಚ್ಚಿ. ಬೆವರು ಹೀರಿದ ಬೂಟು, ಕೋಲಿನ ಹಿಡಿ ಹೊರಗಿದ್ದರೆ ಉಪ್ಪಿನಾಸೆಗೆ ಮುಳ್ಳುಹಂದಿ ಕಡಿದು ಹಾಕುತ್ತದೆ.

ಉಣುಗು

ಆನೆ, ಚಿರತೆಗಿಂತ ಹೆಚ್ಚು ಕಾಳಜಿ ಬೇಕಾದ ಪ್ರಾಣಿ ಕಣ್ಣಿಗೆ ಕಾಣುವುದೇ ಕಷ್ಟ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ನಮ್ಮವರಿಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದದ್ದು. ಅದು ಶಿವಮೊಗ್ಗದ ಕಡೆಯದು ಎಂದುಕೊಂಡವರಿಗೆ ತಿಳಿಯದ ಮಾತೆಂದರೆ, 2015ರಲ್ಲಿ ಗೋವಾದ ಸತ್ತರಿಯಲ್ಲಿ, 2016ರಲ್ಲಿ ಸಿಂಧುದುರ್ಗದ ದೋಡಾಮಾರ್ಗದಲ್ಲಿ ಅದು ಕಾಣಿಸಿಕೊಂಡಿತು. ಹರಡುವ ಎಳೆಯ ಉಣುಗುಗಳು ಹೆಚ್ಚಾಗುವುದು ನವೆಂಬರಿನಿಂದ ಮೇ ತನಕ, ಸರಿಯಾಗಿ ಕ್ಯಾಂಪಿಂಗ್ ಕಾಲದಲ್ಲಿ. ಅವು ಕಾದು ಕೂರುವುದು ಪ್ರಾಣಿಗಳು ಮೈ ಸವರಿ ಹೋಗುವ ದಾರಿಯಂಚಿನ ತರಗೆಲೆ, ಪೊದೆಗಳಲ್ಲಿ. ಪ್ರಾಣಿಗಳ ದಾರಿ ಬಿಟ್ಟು ಮಲಗಲು ಇದೂ ಒಂದು ಕಾರಣ.

ತಿಳಿಬಣ್ಣದ ಪ್ಯಾಂಟು, ಅದರ ಅಂಚು ಕಾಲುಚೀಲದೊಳಗೆ. ತರಗೆಲೆಯ ಮೇಲೆ ಕೂರಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಫಾರೆಸ್ಟಿನವರಿಗೆ ತಿಳಿಸಬೇಕು. ಅದರ ಮೈಯಿಂದ ಉದುರಿದ ಉಣುಗುಗಳು ಸುತ್ತ ಇರುತ್ತವೆ. ಸಂಜೆ ಒಬ್ಬರ ಮೈ ಇನ್ನೊಬ್ಬರು ನೋಡಬೇಕು: ಮಂಡಿಯ ಹಿಂದೆ, ತೊಡೆಸಂದಿ, ಸೊಂಟದ ಪಟ್ಟಿ, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ. ಕಚ್ಚಿಕೊಂಡಿದ್ದರೆ ಸಣ್ಣ ಮೊನೆಯ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ, ಒಂದೇ ಸಮ ನೇರ ಎಳೆಯಬೇಕು. ಬೆರಳಲ್ಲಿ ಹೊಸಕುವುದು, ಬೆಂಕಿಕಡ್ಡಿ, ಸೀಮೆಎಣ್ಣೆ ಬೇಡ. ಬಟ್ಟೆಯನ್ನು ಬೇರೆ ಚೀಲದಲ್ಲಿ ಕಟ್ಟಿ ತಂದು ಬಿಸಿನೀರಲ್ಲಿ ಒಗೆಯಬೇಕು. ಪುಣೆಗೆ ಬಂದಮೇಲೆ ಎರಡು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಸೊಂಟ ಮತ್ತು ಕಾಲಿನಲ್ಲಿ ವಿಪರೀತ ನೋವು ಬಂದರೆ ನಗರದ ಡಾಕ್ಟರು ಮೊದಲು ಡೆಂಗಿಯನ್ನೇ ನೆನೆಯುತ್ತಾರೆ. ಯಾವ ತಾಲೂಕಿನ ಯಾವ ಕಾಡಿಗೆ ಹೋಗಿದ್ದಿರಿ, ಉಣುಗು ಕಚ್ಚಿತ್ತೇ ಎಂದು ನೀವೇ ಬಾಯಿಬಿಟ್ಟು ಹೇಳಬೇಕು. ಕ್ಯಾಸನೂರಿನ ವೈರಸ್ಸನ್ನು ಮೊದಲು ಗುರುತಿಸಿದ ಸಂಸ್ಥೆ, ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ), ಇರುವುದೂ ಪುಣೆಯಲ್ಲೇ. ರಕ್ತದ ಮಾದರಿ ಪರೀಕ್ಷೆಗೆ ಹೋಗಬೇಕಾದದ್ದು ಜ್ವರದ ಮೊದಲ ದಿನಗಳಲ್ಲಿ.